ವೈಫೈ ಪೆಟ್ಟಿಗೆ

ವಸುಧಾಳಿಗೆ ಕೆಲಸವಿರಲಿಲ್ಲ, ಮನೆಯಲ್ಲಿ ಇಂಟರ್ನೆಟ್ಟೂ ಇರಲಿಲ್ಲ.

“ಕಂಪ್ಯೂಟರ್ ನಮ್ಮ ಆಫೀಸಿನಲ್ಲೇ ಇರುತ್ತದೆ. ನೀವು ಅದನ್ನು ಮನೆಯಿಂದ ಇಂಟರ್ನೆಟ್ ಮೂಲಕ ನಡೆಸಬೇಕು,” ಎಂದು ಅವಳು ಅರ್ಜಿ ಹಾಕಿದ್ದ ಕಂಪನಿ ಬರೆದಿತ್ತು. “ಪರೀಕ್ಷೆಯ ನಡುವೆ ಮೂರು ಸಲ ಸಂಪರ್ಕ ಕಡಿದರೆ ಕೆಲಸವಿಲ್ಲ.”

ಅವಳು ವೈಫೈ ಹಾಕಿಸಿದಳು. ಪರೀಕ್ಷೆಯ ದಿನ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತವಳು ಅರ್ಧ ಗಂಟೆಗೇ ಎದ್ದು ಹೊರಗೆ ಬಂದಳು.

“ಮೂರು ಸಲ ಕಡೀತು ಅತ್ತೆ. ಯಾರಾದ್ರೂ ವೈಫೈ ಪೆಟ್ಟಿಗೆ ಮುಟ್ಟಿದ್ರಾ?”

“ಬೇರೆ ಯಾರೂ ಇಲ್ಲಮ್ಮ, ನಾನೇ. ನಿಂಗೆ ಈ ಕೆಲಸ ಸಿಗ್ಲಿ ಅಂತ ಅದಕ್ಕೆ ಪೂಜೆ ಮಾಡ್ದೆ. ಒದ್ದೆ ಕೈ ನೋಡು, ಶಾಕ್ ಹೊಡೆದೀತು ಅಂತ ಪ್ರತಿ ಸಲ ಪ್ಲಗ್ ಕಿತ್ತು ಆಮೇಲೆ ಹಾಕ್ದೆ. ಅರಿಶಿನಕ್ಕೊಂದ್ಸಲ, ಕುಂಕುಮಕ್ಕೊಂದ್ಸಲ, ಹೂವಿಗೊಂದ್ಸಲ.”