ಲಾಡ್‌ಕುಂವರ್ ಸತ್ತ ಮಧ್ಯಾಹ್ನ

ತನ್ನ ಕಾದಂಬರಿಯ ಮುದುಕಿ ಲಾಡ್‌ಕುಂವರ್ ಪ್ರಾಣ ಬಿಟ್ಟ ಸಾಲನ್ನು ಗಯಾದೀನ್ ಅಂಗಳದಲ್ಲಿ ನೆರೆದಿದ್ದ ಓಣಿಯವರಿಗೆ ಓದಿ ಹೇಳಿದ್ದೇ ತಡ, ಎದುರಿಗೆ ಕೂತಿದ್ದ ಸುಖರಾನಿ ಕಾಕಿ ಎದ್ದು ಒಲೆಯತ್ತ ನಡೆದಳು. ಅವನು ಓದು ನಿಲ್ಲಿಸಿದ. ಈ ಬುಂದೇಲಿ ಆಡುಮಾತು ಯಾರಿಗೂ ಅರ್ಥವಾಗದು, ತೆಗೆದುಹಾಕಿ ಎಂದಿದ್ದ ದಿಲ್ಲಿಯ ಪ್ರಕಾಶಕನಿಗೆ ಅವನು ಜಗ್ಗಿರಲಿಲ್ಲ. ಆದರೆ ಮಹೋಬಾದ ಈ ವೀಳ್ಯದೆಲೆ ಬೆಳೆಗಾರರ ಓಣಿಗೇ ಅದು ಬೇಡವಾದರೆ? "ನಾವು ಬೈದಾಡೋದನ್ನೆಲ್ಲ ಅಚ್ಚು ಹಾಕಿಸಿದ್ಯಂತಲ್ಲೋ, ನಾಚಿಕೆ ಆಗಲ್ವಾ?" ಎಂದು ಕಾಕಿ ಬೆಳಗ್ಗೆಯಷ್ಟೇ ಹಂಗಿಸಿದ್ದಳು.

ಈಗ ಅವಳು ಉರಿಯುತ್ತಿದ್ದ ಕೊಳ್ಳಿಗಳನ್ನು ಹೊರಗೆಳೆದು ಚೊಂಬಿನ ನೀರು ಸುರಿದಳು.

"ಅಯ್ಯೋ ಅತ್ತೆ, ಇಷ್ಟು ಜನಕ್ಕೂ ಚಹಾ ಇಟ್ಟಿದ್ದೆ!" ಎಂದಳು ಸೊಸೆ.

"ಬುದ್ಧಿ ಇದೆಯೇನೇ ನಿಂಗೆ? ಓಣೀಲಿ ಹೆಣ ಇರುವಾಗ ಯಾರಾದ್ರೂ ಒಲೆ ಉರಿಸ್ತಾರಾ?"

ಅಂಗಳದಲ್ಲಿ ಒಬ್ಬರೂ ನಗಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಎದ್ದು, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತರು. ಗಯಾದೀನನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಕಾಕಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೊದಲಿನ ಜಾಗದಲ್ಲೇ ಕೂತಳು. "ಓದು ಮಗ," ಎಂದಳು. "ಹೆಣ ಎತ್ತೋ ತನಕ ಇಲ್ಲಿಂದ ಯಾರೂ ಏಳಲ್ಲ."