ಗೇಟಿನವನನ್ನು ಒಳಗೆ ಬಿಡಬೇಡ

"ಅವನನ್ನ ಒಳಗೆ ಬಿಡಬೇಡ," ಎಂದಳು ದರ್ಜಿ, ತಮ್ಮನ ಕಿವಿಯಲ್ಲಿ. "ಸಭೆ ಮುಗೀತು ಅನ್ನು. ಜಾಗ ಇಲ್ಲ ಅನ್ನು. ಏನಾದ್ರೂ ಅನ್ನು, ಬಿಡಬೇಡ ಅಷ್ಟೇ."

ಸಭಾಂಗಣದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ತಮ್ಮ. ಕಿಟಕಿಯಾಚೆ ರೈಲ್ವೆ ಗೇಟಿನವನು ನಗರಸಭೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುತ್ತಿದ್ದ. ಸಮವಸ್ತ್ರ ಕೂಡ ಬದಲಿಸಿರಲಿಲ್ಲ.

ಬಡಾವಣೆಗೆ ಏನು ಬೇಕೋ ನೀವೇ ಹೇಳಿ ಎಂದು ನಗರಸಭೆ ಈ ವರ್ಷ ಜನರನ್ನೇ ಕೇಳಿತ್ತು. ಬಂದ ಸಲಹೆಗಳಲ್ಲಿ ಒಂದಕ್ಕೆ ಮಂಜೂರಾತಿ. ಉಳಿದವು ಕಪಾಟು ಸೇರುತ್ತವೆ. ಉದ್ಯಾನ ಕೇಳಿದವರಿದ್ದರು, ವಾಚನಾಲಯ ಕೇಳಿದವರಿದ್ದರು. ದರ್ಜಿ ಕೇಳಿದ್ದು ರೈಲು ಹಳಿಯ ಕೆಳಗೆ ಒಂದು ರಸ್ತೆ. ಹಳಿಯ ಈಚೆ ಬಡಾವಣೆ, ಆಚೆ ಆಸ್ಪತ್ರೆ. ನಡುವೆ ಗೇಟು.

ಹೋದ ವರ್ಷ ಆ ಗೇಟಿನ ಮುಂದೆ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ, ಅವಳ ಅಪ್ಪ ಎದೆ ಹಿಡಿದುಕೊಂಡು ಕೂತಿದ್ದರು. ಅವಳು ಇಳಿದು ಓಡಿ, ಗೇಟಿನ ಕಂಬಿ ಹಿಡಿದು ಅಲುಗಾಡಿಸಿದ್ದಳು. "ಒಂದೇ ನಿಮಿಷ ತೆಗೀರಿ! ದಮ್ಮಯ್ಯ!"

"ಸಿಗ್ನಲ್ ಕೊಟ್ಟಾಗಿದೆಯಮ್ಮ. ಈಗ ತೆಗೆಯೋಕೆ ಬರಲ್ಲ," ಎಂದಿದ್ದ ಗೇಟಿನವನು. ಅಷ್ಟು ಹೇಳಿ ಮುಖ ತಿರುಗಿಸಿಕೊಂಡಿದ್ದ. ಗೂಡ್ಸ್ ಗಾಡಿಯ ಕೊನೆಯ ಡಬ್ಬಿ ದಾಟುವ ಹೊತ್ತಿಗೆ ಹನ್ನೊಂದು ನಿಮಿಷ. ಆಸ್ಪತ್ರೆಯಲ್ಲಿ ಡಾಕ್ಟರು "ಸ್ವಲ್ಪ ಮೊದಲೇ ತಂದಿದ್ದರೆ" ಎಂದು ಶುರುಮಾಡಿದರು. ಉಳಿದದ್ದು ಅವಳಿಗೆ ಕೇಳಿಸಲಿಲ್ಲ.

ಅಂದಿನಿಂದ ಅವನ ನೆರಳು ಕಂಡರೂ ಅವಳ ಮೈ ಉರಿಯುತ್ತಿತ್ತು. ಹಳಿಯ ಕೆಳಗಿನ ರಸ್ತೆಯ ಸುದ್ದಿ ಹಬ್ಬಿದ ಮೇಲೆ ಅವನು ಎರಡು ಸಲ ಅವಳ ಅಂಗಡಿಯ ಬಾಗಿಲಿಗೆ ಬಂದು ನಿಂತ. ಅವಳು ತಲೆ ಎತ್ತದೆ ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿದಳು. ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಯಾಕೆ ಬಂದಿದ್ದಾನೆಂದು ಕೇಳಬೇಕೇ? ಕೆಳಗೆ ರಸ್ತೆಯಾದರೆ ಮೇಲೆ ಗೇಟು ಯಾಕೆ, ಗೇಟೇ ಇಲ್ಲದ ಮೇಲೆ ಗೇಟಿನವನು ಯಾಕೆ? ಒಂದೋ ಕಾಲು ಹಿಡಿಯಲು ಬಂದಿದ್ದಾನೆ, ಇಲ್ಲ ಹೆದರಿಸಲು. ಗೇಟಿನ ಬಳಿ ಹಣ್ಣು ಮಾರುವವಳಂತೂ ನಿನ್ನೆ ಬಾಯಿಬಿಟ್ಟೇ ಹೇಳಿದ್ದಳು. "ಅವನೂ ಸಭೆಗೆ ಬರ್ತಾನಂತಕ್ಕಾ. ಡ್ಯೂಟಿ ಮುಗಿಸಿ ನೇರ ಬರ್ತೀನಿ ಅಂತಿದ್ದ. ರೈಲ್ವೆಯವನ ಮಾತಿಗೆ ತೂಕ ಜಾಸ್ತಿ, ನೋಡ್ಕೊಳ್ಳಿ."

ಅವಳ ಕೈಯಲ್ಲೂ ತೂಕದ್ದೊಂದಿತ್ತು. "ಅಂಕಿಅಂಶ ತನ್ನಿ, ಬರೀ ಬಾಯಿಮಾತು ನಡೆಯಲ್ಲ," ಎಂದು ನಗರಸಭೆಯ ಎಂಜಿನಿಯರು ಅಂದಾಗ ಅವಳಿಗೆ ದಿಕ್ಕೇ ತೋಚಿರಲಿಲ್ಲ. ಹಗಲೆಲ್ಲ ಅಂಗಡಿ, ಗೇಟು ಕಾಯುತ್ತ ಕೂರುವುದು ಯಾರು? ಹೋದ ವಾರ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದರೆ ಕಾಲಡಿ ಒಂದು ಲಕೋಟೆ. ಒಳಗೆ ಮೂರು ತಿಂಗಳ ಲೆಕ್ಕ. ಗೇಟು ಎಷ್ಟು ಗಂಟೆಗೆ ಬಿತ್ತು, ಎಷ್ಟಕ್ಕೆ ಎದ್ದಿತು, ಎಷ್ಟು ಆಂಬುಲೆನ್ಸ್ ನಿಂತವು. ದುಂಡನೆಯ ಅಕ್ಷರ. ಹೆಸರಿಲ್ಲ.

ಹಳಿಯ ಪಕ್ಕದ ಮನೆಯ ಮೇಷ್ಟ್ರದೇ ಎಂದುಕೊಂಡಳು. ನಿವೃತ್ತರು, ನಿದ್ದೆ ಕಮ್ಮಿ, ಅಕ್ಷರ ಮುತ್ತಿನಂಥದ್ದು. ಹೋಗಿ ಕೈಮುಗಿದಳು. ಕಿವಿ ಮಂದವಾದ ಮೇಷ್ಟ್ರು ನಕ್ಕು, ತಲೆಯಾಡಿಸಿ, "ಒಳ್ಳೇದಾಗಲಮ್ಮ" ಎಂದಿದ್ದರು.

ಈಗ ಎಂಜಿನಿಯರು ಆ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಿದ್ದರು.

"ಲೆಕ್ಕವೇನೋ ಅಚ್ಚುಕಟ್ಟಾಗಿದೆ. ಬರೆದವರ ಸಹಿ ಎಲ್ಲಿ?"

ದರ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಕಡೆ ನೋಡಿದಳು. ಪಕ್ಕದವರು ಅವರ ಕಿವಿಯಲ್ಲಿ ಕೂಗಿದರು. ಮೇಷ್ಟ್ರು ಗಾಬರಿಯಿಂದ ಎದ್ದರು.

"ನಾನಾ? ನಾನೇನೂ ಬರೆದಿಲ್ವಲ್ಲಮ್ಮ! ನೀನು ಬಂದು ಕೈಮುಗಿದೆ, ಏನೋ ಶುಭ ಸಮಾಚಾರ ಅಂದ್ಕೊಂಡೆ."

ಯಾರೋ ಕಿಸಕ್ಕೆಂದರು.

"ಬರೆದವರು ಮುಂದೆ ಬರದಿದ್ದರೆ ಇದು ಬರೀ ಕಾಗದ," ಎಂದರು ಎಂಜಿನಿಯರು. ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. "ಮುಂದಿನ ಸಲಹೆ."

ಆಗಲೇ ಬಾಗಿಲು ಧಡಧಡನೆ ಬಡಿಯಿತು. ತಮ್ಮ ಅದನ್ನು ಹೆಗಲು ಕೊಟ್ಟು ಒತ್ತಿಹಿಡಿದ.

"ಯಾರ್ರೀ ಅದು? ಬಿಡಿ ಒಳಗೆ. ಸಾರ್ವಜನಿಕ ಸಭೆ ಇದು!" ಎಂದು ಎಂಜಿನಿಯರು ಗದರಿದರು.

ಅಕ್ಕನ ಮುಖ ನೋಡಿದ ತಮ್ಮ. ಬೇರೆ ದಾರಿಯಿರಲಿಲ್ಲ. ಸರಿದ.

ಗೇಟಿನವನು ಏದುಸಿರು ಬಿಡುತ್ತ ನೇರ ಮೇಜಿನತ್ತ ನಡೆದ. ದರ್ಜಿ ಅಡ್ಡ ಬಂದಳು.

"ನಮ್ಮಪ್ಪನ್ನ ಅಲ್ಲಿ ನಿಲ್ಲಿಸಿದ್ದು ಸಾಕಾಗಲಿಲ್ವಾ ನಿಮಗೆ?"

ಅವನು ತಲೆ ತಗ್ಗಿಸಿ, ಅವಳನ್ನು ಬಳಸಿಕೊಂಡು ಮುಂದೆ ಹೋದ.

ಎಂಜಿನಿಯರು ಸಮವಸ್ತ್ರ ನೋಡಿ ನಿಟ್ಟುಸಿರಿಟ್ಟರು. "ಗೇಟಿನ ಕಡೆಯವರು, ಅಲ್ವಾ? ರಸ್ತೆಯಾದ್ರೆ ನಿಮ್ಮ ಕೆಲಸ ಇರಲ್ಲ, ಅರ್ಥವಾಗತ್ತೆ. ಆಕ್ಷೇಪಣೆ ಪುಸ್ತಕ ಆ ಕಡೆ ಇದೆ, ಬರೀರಿ."

ಗೇಟಿನವನು ಆ ಕಡೆ ನೋಡಲೂ ಇಲ್ಲ. ಪಕ್ಕಕ್ಕೆ ಸರಿಸಿದ್ದ ಹಾಳೆಗಳನ್ನು ತನ್ನತ್ತ ಎಳೆದುಕೊಂಡು ಜೇಬಿನಿಂದ ಪೆನ್ನು ತೆಗೆದ.

"ಬರೆದವನು ನಾನೇ ಸಾರ್. ಎಲ್ಲಿ ಸಹಿ ಹಾಕಲಿ?"