ಭಾವ ಕೊಟ್ಟ ಜೀಪಿನ ಗುಡುಕು

“ಗುಡುಕ್.”

ಬಸವೇಶ ಬ್ರೇಕ್ ಒತ್ತಿ, ಒಂದು ಬೆರಳು ಮೇಲೆತ್ತಿದ. “ಕೇಳ್ತಾ?”

ಪಕ್ಕದಲ್ಲಿದ್ದ ಮೆಕ್ಯಾನಿಕ್ ಓಬಳೇಶ ತಲೆಯಾಡಿಸಿದ. “ಕೇಳ್ತು ಸಾವ್ಕಾರ್ರೇ. ಹಿಂದ್ಲಿಂದ ಬಂದಂಗಾತು.”

“ಹಿಂದ್ಲಿಂದ ಅಲ್ಲ, ಕೆಳಗ್ಲಿಂದ. ಕಬ್ಬಿಣಕ್ಕೆ ಕಬ್ಬಿಣ ಬಡಿಯೋ ಶಬ್ದ ಅದು. ನನ್ನ ಕಿವಿಗೆ ನೀನು ಹೇಳಿಕೊಡಬ್ಯಾಡ.”

ಓಬಳೇಶ ಹೇಳಿಕೊಡಲಿಲ್ಲ. ಗಾಡಿ ಯಜಮಾನನ ಕಿವಿಯೇ ಎಲ್ಲಕ್ಕಿಂತ ದೊಡ್ಡದು ಅನ್ನುವಷ್ಟು ಲೋಕಜ್ಞಾನ ಅವನಿಗಿತ್ತು. ಜೀಪು ಮತ್ತೆ ಚಿತ್ರದುರ್ಗದ ಅವನ ಶೆಡ್ಡಿಗೆ ಹೋಗಿ ಗುಂಡಿಯ ಮೇಲೆ ನಿಂತಿತು. ಅವನು ಟಾರ್ಚು ಹಿಡಿದು ಕೆಳಗಿಳಿದ. ಹೀಗೆ ಇಳಿದು ಹತ್ತುವುದು ಮೊದಲಾಗಿ ನಾಲ್ಕೈದು ದಿನವಾಗಿತ್ತು.

ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ಬಸವೇಶನಿಗೆ ತನ್ನ ಕಿವಿಯ ಮೇಲೆ ವಿಪರೀತ ನಂಬಿಕೆ. ಮಂಡಿಯಲ್ಲಿ ಅವನು ಕಿವಿಗೊಟ್ಟು ಒಂದು ಮಾತು ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ. ಅದೇ ಧೈರ್ಯದಲ್ಲಿ ಅವನು ಬೀದಿಯವರ ಪಂಪ್‌ಸೆಟ್ಟು, ಮಿಕ್ಸಿ, ಕೊನೆಗೆ ಕೆಮ್ಮಿಗೂ ರೋಗ ಹೇಳುತ್ತಿದ್ದ.

ಈ ಫೋರ್‌ವೀಲ್ ಜೀಪನ್ನು ಅವನಿಗೆ ಮಾರಿದವನು ತಾಳ್ಯದ ಮಲ್ಲೇಶ, ಅಕ್ಕ ಶಿವಗಂಗಾಳ ಗಂಡ. ಹೋದ ವರ್ಷ ನಾಗರಪಂಚಮಿ ಕಳೆದ ಮೇಲೆ ಮನೆಗೆ ಬಂದಾಗ ಗಾಡಿ ಸದ್ದಿಲ್ಲದೆ ಓಡುತ್ತಿತ್ತು. ಯುಗಾದಿ ಹೊತ್ತಿಗೆ, ರಸ್ತೆಯ ಹಂಪು ಹತ್ತಿಸಿದರೆ ಎಲ್ಲೋ ಸಣ್ಣಗೆ ಕುಟ್ಟತೊಡಗಿತು. ಬಿಸಿಲು ಏರಿದಂತೆ ಶಬ್ದವೂ ಏರಿತು.

ಬಸವೇಶನ ತೀರ್ಪು ಸಿದ್ಧವಿತ್ತು. “ಗ್ರೀಸು ಮೆತ್ತಿ, ಶಬ್ದ ಮುಚ್ಚಿ ಮಾರಿದಾನೆ. ಈಗ ಗ್ರೀಸು ಕರಗೈತೆ.”

ಹಿರಿಯೂರಿನ ಮೆಕ್ಯಾನಿಕ್ ಬುಷ್ ಬದಲಿಸಿದ. ಹೊಸದುರ್ಗದವನು ಆ ಬುಷ್ ನೋಡಿ ನಕ್ಕು ಶಾಕ್ ಅಬ್ಸಾರ್ಬರ್ ಬದಲಿಸಿದ. ಹೊಳಲ್ಕೆರೆಯವನು ಇಬ್ಬರನ್ನೂ ಬೈದು, ಮುಂದಿನ ಚಕ್ರಕ್ಕೂ ಬಲ ಹಂಚುವ ಗೇರ್ ಡಬ್ಬಿಯನ್ನೇ ಬಿಚ್ಚಿ ಕಟ್ಟಿದ. ಎಲ್ಲರೂ ಬಸವೇಶ ತೋರಿಸಿದ ಕಡೆಗೇ, ಜೀಪಿನ ಕೆಳಗೇ ತೆವಳಿದರು. ಹೊಸ ಸಾಮಾನು ಬಿದ್ದಷ್ಟೂ ಶಬ್ದಕ್ಕೆ ಹುರುಪು ಬಂತು. ಮಂಡಿ ಎದುರಿನ ಟೀ ಅಂಗಡಿಯಲ್ಲಿ, ಸೈಕಲ್ಲೂ ಇಲ್ಲದವರು ಡಿಫರೆನ್ಷಿಯಲ್ ಬಗ್ಗೆ ಅಧಿಕಾರದಿಂದ ಮಾತಾಡತೊಡಗಿದರು.

ಕೊನೆಗೊಂದು ದಿನ ಬಸವೇಶ ತಾಳ್ಯಕ್ಕೆ ಫೋನ್ ಹಚ್ಚಿದ. “ಹೆಣ್ಣು ಕೊಟ್ಟ ಮನೆಗೇ ಟೋಪಿ ಹಾಕಿದ್ರಲ್ಲ ಭಾವ.”

“ಗಾಡಿ ಸರಿ ಐತೆ. ನಿನ್ನ ಕಿವಿ ಯಾರಿಗಾದ್ರೂ ತೋರಿಸ್ಕ ಹೋಗು,” ಅಂದ ಮಲ್ಲೇಶ.

ಅಲ್ಲಿಗೆ ಎರಡು ಮನೆಗೂ ಮಾತು ನಿಂತಿತು. ಭಾವ ತಪ್ಪು ಒಪ್ಪಿಕೊಳ್ಳುವವರೆಗೂ ತಾಳ್ಯಕ್ಕೆ ಕಾಲಿಡುವುದಿಲ್ಲ ಎಂದು ಬಸವೇಶ ಆಣೆ ಇಟ್ಟ. ಈಗ ನೋಡಿದರೆ ನಾಡಿದ್ದೇ ಪಂಚಮಿ. ಒಡಹುಟ್ಟಿದವನು ಹೋಗಿ ಅಕ್ಕನನ್ನು ತವರಿಗೆ ಕರೆತರಬೇಕಾದ ಹಬ್ಬ. ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಸೀರೆ ಮಡಿಚಿಟ್ಟುಕೊಂಡು ಬಾಗಿಲು ನೋಡುತ್ತಿರುತ್ತಾಳೆ ಎಂದು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೂ ಕಿವಿಯನ್ನು ಸುಳ್ಳಾಗಿಸುವುದು ಹೇಗೆ?

ತಾಯಿ ಪಾರ್ವತಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಅಳಿಯನಿಗೆ ತಾವೇ ಫೋನ್ ಮಾಡಿಸಿ ಓಬಳೇಶನ ಶೆಡ್ಡಿಗೆ ಕರೆಸಿದರು. ತಾವೂ ಹಿರಿಯೂರಿನಿಂದ ಬಸ್ಸು ಹತ್ತಿ ಬಂದರು. ಜೀಪು ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂದು ಅವರು ಇಷ್ಟು ದಿನ ಅದರಲ್ಲಿ ಕೂತವರೇ ಅಲ್ಲ.

“ಇವತ್ತು ನಾನೂ ಕುಂತ್ಕಂತೀನಿ. ನನ್ನ ಮುಂದೆನೇ ತೀರ್ಮಾನ ಆಗ್ಲಿ,” ಅಂದರು.

ಓಬಳೇಶ ಗಾಡಿ ಓಡಿಸಿದ. ಮುಂದೆ ಬಸವೇಶ, ಹಿಂದೆ ಅತ್ತೆ, ಅಳಿಯ. ಹೊಳಲ್ಕೆರೆ ರಸ್ತೆಯ ಮೊದಲ ಹಂಪು ಬಂತು.

“ಗುಡುಕ್.”

ಬಸವೇಶ ಗೆದ್ದವನ ಹಾಗೆ ಹಿಂದಕ್ಕೆ ತಿರುಗಿದ. “ಈಗೇನಂತೀರಿ ಭಾವ?”

ಮಲ್ಲೇಶನ ಮುಖ ಇಳಿಯಿತು. “ಶಬ್ದ ಐತೆ. ಆದ್ರೆ ನನ್ನ ಹತ್ರ ಇದ್ದಾಗ ಇರ್ಲಿಲ್ಲ ಕಣಪ್ಪ. ಬೇಕಾದ್ರೆ ಗಾಡಿ ವಾಪಸ್ ತಗಂತೀನಿ. ನಿಮ್ಮಕ್ಕನ್ನ ಮಾತ್ರ ಹಬ್ಬಕ್ಕೆ ಕರ್ಕಂಡು ಹೋಗು.”

“ಗಾಡಿ ಯಾರಿಗೆ ಬೇಕು? ಮೋಸ ಮಾಡ್ದೆ ಅಂತ ಒಪ್ಕಳ್ರಿ, ಸಾಕು.”

“ನಿಲ್ಸಪ್ಪ ಗಾಡಿನ,” ಅಂದರು ಪಾರ್ವತಮ್ಮ.

ವಾಂತಿಗಿರಬೇಕು ಎಂದು ಓಬಳೇಶ ಗಾಬರಿಯಲ್ಲಿ ಪಕ್ಕಕ್ಕೆ ನಿಲ್ಲಿಸಿದ. ಆದರೆ ಪಾರ್ವತಮ್ಮ ಇಳಿಯಲಿಲ್ಲ. ಬಗ್ಗಿ, ಸೀಟಿನ ಕೆಳಗೆ ಜಾಕಿ ಇಡುವ ಗೂಡಿಗೆ ಕೈ ಹಾಕಿ, ಬಿಗಿಯಾಗಿ ಸಿಕ್ಕಿಕೊಂಡಿದ್ದ ಕೆಂಪು ಬಟ್ಟೆಯ ಗಂಟೊಂದನ್ನು ಎಳೆದರು.

“ಮುಟ್ಟಬ್ಯಾಡ್ರಮ್ಮ, ಹರಕೆ ಗಂಟು ಅದು,” ಅಂದ ಓಬಳೇಶ. “ಯಾರ್ದು, ಏನೋ ಅಂತ ನಾನು ಮೊದ್ಲ ದಿನಾನೇ ಕೈ ಮುಗ್ದು ಅಲ್ಲೇ ಬಿಟ್ಟಿದೀನಿ. ನನಗಿಂತ ಮುಂಚೆ ಗಾಡಿ ಬಿಚ್ಚಿದೋರು ಯಾರೋ ಊದಿನಕಡ್ಡಿ ಬೇರೆ ಸಿಗಿಸಿದಾರೆ.”

ಪಾರ್ವತಮ್ಮ ಗಂಟನ್ನು ಮಗನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಗುಡುಕ್.

ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಇಟ್ಟಾಗ ನೀರು ತುಂಬಿ ಸುಮ್ಮನಿದ್ದ ತೆಂಗಿನಕಾಯಿ. ತಿಂಗಳುಗಟ್ಟಲೆ ಜೀಪಿನ ಶಾಖಕ್ಕೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಒಳಗೇ ಗಿಟುಕಾಗಿ ಉರುಳುತ್ತಿತ್ತು. ದಿನವಿಡೀ ಕಾಯಿಗಳನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಇದೇ ಶಬ್ದ ಕೇಳಿ ಕೊಬ್ಬರಿ ಆಯುವ ಬಸವೇಶನ ಮುಖ ಕಪ್ಪಿಟ್ಟಿತು. ಆದರೂ ಒಂದು ಆಸೆ ಉಳಿದಿತ್ತು.

“ಯಾರು ಇಟ್ಟಿದ್ದು ಇದನ್ನ?” ಅಂದ, ಭಾವನನ್ನೇ ನೋಡುತ್ತ.

“ನಾನು ಕಣೋ. ಗಾಡಿ ಮನೆಗೆ ಬಂದ ದಿನಾನೇ ಇಟ್ಟೆ,” ಅಂದರು ಪಾರ್ವತಮ್ಮ. “ಈ ಗಾಡಿ ದೆಸೆಯಿಂದ ಭಾವ ಬಾಮೈದ ಯಾವತ್ತೂ ಮಾತು ಬಿಡದಂಗೆ ಕಾಯಪ್ಪಾ ಅಂತ.”